ನೀರಿನ ಟ್ಯಾಂಕಿನ ಕಡೆಯ ಬೆಂಚು

ಆಗಸ್ಟ್ 17, ಭಾನುವಾರ

ಚರ್ಚ್ ಮುಗಿಸಿ ಎಂದಿನಂತೆ ತಂಗಿ ಡಾರ್ಲಾಳ ಮನೆಯಲ್ಲಿ ಊಟ. ಕಾರಿನ ಬಾಗಿಲು ಮುಟ್ಟಲಾಗದಷ್ಟು ಬಿಸಿಲು. ಅವಳು ಅಡುಗೆಮನೆಯಲ್ಲಿ ಕೋಳಿ ಕರಿಯುತ್ತಿದ್ದಳು. ಅವಳ ಗಂಡ ನದಿಯ ಸರಕು ದೋಣಿಯ ಕೆಲಸಕ್ಕೆ ಹೋಗಿ ಎರಡು ವಾರವಾಯಿತು. ಮೇಜಿನ ಬಳಿ ಇದ್ದವರು ನಾನು ಮತ್ತು ಅವಳ ಮಗ ರೀಡ್ ಇಬ್ಬರೇ.

ರೀಡ್‌ಗೆ ಈಗ ಇಪ್ಪತ್ತೊಂದು. ಈ ವರ್ಷವೂ ಕಾಲೇಜು ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಅವನೇ. ಚೆಂಡು ಮೊದಲು ಅವನ ಕೈಗೇ ಬರುತ್ತದೆ. ಯಾರಿಗೆ ಎಸೆಯಬೇಕೆಂದು ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ತಡವಾದರೆ ಎದುರು ತಂಡದ ಧಡಿಯರ ಅಡಿಗೆ ಬೀಳಬೇಕು. ನಮ್ಮ ಊರಿನಲ್ಲೇ ಹುಟ್ಟಿ ಆ ಜಾಗಕ್ಕೆ ಬಂದವನು ಮೂವತ್ತು ವರ್ಷದಲ್ಲಿ ಇವನೊಬ್ಬನೇ.

ಮೊನ್ನೆ ಆಟಗಾರರನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿ ನೆನಪಿನ ಪರೀಕ್ಷೆ ಮಾಡಿದರಂತೆ. ಆಮೇಲೆ ಯಾರ ತಲೆಗಾದರೂ ಏಟು ಬಿದ್ದರೆ ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟು ಎರಡೂ ಅಂಕಗಳನ್ನು ಹೋಲಿಸಿ ನೋಡುತ್ತಾರೆ.

"ನಾನು ಬೇಕಂತಲೇ ತಪ್ಪು ಮಾಡ್ದೆ ದೊಡ್ಡಮ್ಮ," ಎಂದ ರೀಡ್. "ಎಲ್ಲರೂ ಮಾಡೋದೇ. ಈಗಲೇ ದಡ್ಡ ಆಗಿಬಿಟ್ರೆ, ಆಮೇಲೆ ಏಟು ಬಿದ್ರೂ ಅಂಕ ಅಷ್ಟೇ ಇರತ್ತೆ. ಆಚೆ ಕೂರ್ಸೋಕಾಗಲ್ಲ."

"ಕಳ್ಳ."

"ಸೇಬು, ಕುರ್ಚಿ, ನದಿ ಅಂತ ತೋರಿಸ್ತಾರೆ. ಐದು ನಿಮಿಷ ಬಿಟ್ಟು ಏನೇನು ನೋಡ್ದೆ ಅಂತಾರೆ. ಏನೂ ನೋಡೇ ಇಲ್ಲ ಸಾರ್ ಅನ್ನೋ ಥರ ಮುಖ ಮಾಡ್ಕೊಂಡು ಕೂತಿದ್ದೆ."

ಆ ಮುಖವನ್ನೂ ಮಾಡಿ ತೋರಿಸಿದ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಡಾರ್ಲಾ ಕೋಳಿಯ ತಟ್ಟೆ ಹಿಡಿದು ಬಂದು, "ಏನದು ನಗು? ನಂಗೂ ಹೇಳಿ," ಎಂದಳು. "ಏನಿಲ್ಲ ಕಣೇ, ನಿನ್ನ ಮಗನ ದಡ್ಡತನ," ಎಂದೆ.

ಸೆಪ್ಟೆಂಬರ್ 7, ಭಾನುವಾರ

ನಿನ್ನೆ ಗೆದ್ದೆವು. ಆಟದ ಎರಡನೆಯ ಕಾಲುಭಾಗದಲ್ಲಿ ಇಬ್ಬರು ಒಟ್ಟಿಗೆ ರೀಡ್‌ನ ಮೇಲೆ ಬಿದ್ದರು. ಅವನ ಹೆಲ್ಮೆಟ್ ನೆಲಕ್ಕೆ ಬಡಿದ ಸದ್ದು ನಾವು ಕುಳಿತಲ್ಲಿಗೂ ಕೇಳಿಸಿತು. ಎದ್ದ. ಎದ್ದವನು ಎದುರು ತಂಡದ ಬೆಂಚಿನ ಕಡೆಗೆ ಹತ್ತು ಹೆಜ್ಜೆ ನಡೆದುಬಿಟ್ಟ. ನಮ್ಮ ಹುಡುಗನೊಬ್ಬ ಓಡಿ ಹೋಗಿ ಹೆಗಲು ಹಿಡಿದು ತಿರುಗಿಸಿದ. ಜನ ಹೋ ಎಂದು ನಕ್ಕರು. ನಾನೂ ನಕ್ಕೆ.

ಆಟ ಮುಗಿದ ಮೇಲೆ ಕೇಳಿದರೆ, "ಆ ಕಡೆ ಹುಡುಗೀರು ಚೆನ್ನಾಗಿದ್ರು ದೊಡ್ಡಮ್ಮ," ಎಂದ. ಆಮೇಲಿನ ಎರಡು ಟಚ್‌ಡೌನ್‌ಗಳೂ ಅವನ ಎಸೆತದಿಂದಲೇ ಬಂದವು.

ಸೆಪ್ಟೆಂಬರ್ 17, ಬುಧವಾರ

ಇಷ್ಟು ಫೋನುಗಳನ್ನು ನಾನು ರೇಡಿಯೋದ ಕೆಲಸಕ್ಕೆ ಸೇರಿದ ಈ ಹನ್ನೊಂದು ವರ್ಷದಲ್ಲಿ ಕಂಡಿಲ್ಲ.

ಸೋಮವಾರ ಕೋಚ್ ಲೆಡ್‌ಬೆಟರ್ ಯಾರನ್ನೂ ಕೇಳದೆ ರೀಡ್‌ನನ್ನು ಕೂರಿಸಿ ಆಮೋಸ್ ಟೇಟ್‌ನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು. ಆಮೋಸ್ ಓಹಾಯೋದಿಂದ ಬಂದ ಹತ್ತೊಂಬತ್ತರ ಹುಡುಗ. ಮಾತು ಕಡಿಮೆ. ಕಾರಣ ಕೇಳಿದರೆ ಕೋಚ್ ಹೇಳುವುದು ಒಂದೇ ಮಾತು: ಕಣ್ಣಿಗೆ ಕಂಡದ್ದನ್ನು ನೋಡಿ ಆಡಿಸುತ್ತೇನೆ.

ಬುಧವಾರದ ರೇಡಿಯೋ ಕಾರ್ಯಕ್ರಮ ಎಂದಿನಂತೆ ಡ್ಯೂವಿಯ ಮೀನಿನ ಹೋಟೆಲಿನಿಂದ, ಸಂಜೆ ಆರರಿಂದ ಏಳು. ಒಂದು ಮೂಲೆಯಲ್ಲಿ ಮೈಕಿನ ಮುಂದೆ ಕೋಚ್ ಮತ್ತು ಕಾರ್ಯಕ್ರಮ ನಡೆಸುವ ನಮ್ಮ ಗಸ್. ಸುತ್ತ ಮೀನು ತಿನ್ನುತ್ತಾ ಕೇಳುವ ಜನ. ಇನ್ನೊಂದು ಮೂಲೆಯಲ್ಲಿ ಮೂರು ಫೋನ್ ಲೈನುಗಳೊಂದಿಗೆ ನಾನು. ಕರೆ ಮಾಡಿದವರ ಹೆಸರು, ಊರು, ಪ್ರಶ್ನೆಯನ್ನು ಗುಲಾಬಿ ಚೀಟಿಯಲ್ಲಿ ಬರೆದು, ಮೊದಲು ಬಂದದ್ದನ್ನು ಮೊದಲು ಎಂಬಂತೆ ಗಸ್‌ನ ಮುಂದಿಡುವುದು ನನ್ನ ಕೆಲಸ. ಮೇಯರ್ ಕರೆ ಮಾಡಿದರೂ ನಾನು ಸಾಲು ತಪ್ಪಿಸಿದವಳಲ್ಲ. ಗಸ್ ನನ್ನನ್ನು ಜಡ್ಜಮ್ಮ ಎಂದೇ ಕರೆಯುವುದು.

ಮೊದಲ ಕರೆ ಹಾಯ್ಟ್ ಮುದುಕನದು. ಅವನು ಒಂದು ವಾರವೂ ತಪ್ಪಿಸುವವನಲ್ಲ.

"ಕೋಚ್, ನಿಮ್ಮ ಮೇಲೆ ನಂಗೆ ಭಾಳ ಗೌರವ," ಎಂದು ಶುರುಮಾಡಿದ. "ಆದ್ರೆ ಚೆನ್ನಾಗಿ ಎಳೀತಿದ್ದ ಹೇಸರಗತ್ತೇನ ಬಿಚ್ಚಿ ಅದರ ಜಾಗಕ್ಕೆ ಮೇಕೆಮರಿ ಕಟ್ಟಿದೀರಲ್ಲ, ಯಾಕೆ ಅಂತ?"

"ಅಭ್ಯಾಸದಲ್ಲಿ ನನ್ನ ಕಣ್ಣಿಗೆ ಏನು ಕಾಣತ್ತೋ ಅದನ್ನ ನೋಡಿ ಆಡಿಸ್ತೀನಿ ಹಾಯ್ಟ್ ಅವರೇ."

"ಹಂಗಾದ್ರೆ ಒಂದ್ಸಲ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಬನ್ನಿ."

ಹೋಟೆಲಿಗೆ ಹೋಟೆಲೇ ನಕ್ಕಿತು. ಕೋಚ್ ಕೂಡ ನಕ್ಕರು, ಆದರೆ ಮುಂದಿದ್ದ ಮೀನನ್ನು ಮುಟ್ಟಲಿಲ್ಲ.

ನಾಲ್ಕನೆಯ ಕರೆ ಸ್ಯಾಂಡಿ ಫೋರ್ಡ್ ಊರಿನಿಂದ ಮಿಸೆಸ್ ಓಡಮ್ ಎಂಬ ಹೆಂಗಸಿನದು. ಹಿಂದೆಂದೂ ಕೇಳಿದ ದನಿಯಲ್ಲ.

"ಕೋಚನ್ನ ಬೈಯೋಕಲ್ಲಮ್ಮ. ಆ ಹುಡುಗನ ತಲೆ ಸರಿಯಾಗಿ ನೋಡಿಸಿದಾರಾ ಅಂತ ಕೇಳ್ಬೇಕು. ಅವತ್ತು ಅವನು ಆ ಕಡೆ ನಡ್ಕೊಂಡು ಹೋದನಲ್ಲ, ನಾನು ಟಿವಿಯಲ್ಲಿ ನೋಡ್ದೆ. ನನ್ನ ಮಗನೂ ಒಂದ್ಸಲ ಹಂಗೇ ನಡೆದಿದ್ದ."

ಬರೆದುಕೊಂಡೆ. ಆದರೆ ಆಟಗಾರನ ಆರೋಗ್ಯದ ವಿಷಯವನ್ನು ಕೋಚ್ ರೇಡಿಯೋದಲ್ಲಿ ಹೇಳುವಂತಿಲ್ಲ, ಅದು ನಿಯಮ. ಉತ್ತರವೇ ಸಿಗದ ಪ್ರಶ್ನೆಗೆ ಸಮಯ ಯಾಕೆ ಎಂದು ಚೀಟಿಯನ್ನು ಉಳಿದವುಗಳ ಕೆಳಗಿಟ್ಟೆ. ಅದರ ಸರದಿ ಬರುವಷ್ಟರಲ್ಲಿ ಏಳು ಗಂಟೆಯಾಯಿತು.

ಇದು ಸಾಲು ತಪ್ಪಿಸಿದಂತಾಯಿತೇ? ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಇಲ್ಲ ಎನಿಸುತ್ತದೆ. ನಿಯಮವಿದೆ.

ಸೆಪ್ಟೆಂಬರ್ 21, ಭಾನುವಾರ

ನಿನ್ನೆ ಆಮೋಸ್ ಆಡಿದ. ಸೋತೆವು. ರೀಡ್ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ.

ಇವತ್ತು ಊಟಕ್ಕೆ ಹೋದರೆ ಡಾರ್ಲಾ ಕಿಟಕಿ ಪರದೆಗಳನ್ನೆಲ್ಲ ಎಳೆದಿದ್ದಳು. "ಬೆಳಕು ಬೇಡ ಅಂತಾನೆ ಅಕ್ಕ. ಯಾರ ಮುಖಾನೂ ನೋಡಕ್ಕೆ ಇಷ್ಟ ಇಲ್ವಂತೆ. ಎಷ್ಟು ಅವಮಾನ ಆಗಿದೆ ಮಗೂಗೆ." ರೀಡ್ ಮನೆಯೊಳಗೂ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ನನ್ನನ್ನು ನೋಡಿ, "ಬಟನ್ ಎಲ್ಲಿ? ಕರ್ಕೊಂಡು ಬರ್ಲಿಲ್ವಾ?" ಎಂದ.

ಬಟನ್ ನನ್ನ ನಾಯಿ. ಏಪ್ರಿಲ್‌ನಲ್ಲಿ ಸತ್ತಿತು. ಹಿತ್ತಲಲ್ಲಿ ಗುಂಡಿ ತೋಡಿ ಮಣ್ಣು ಮಾಡಿದ್ದು ರೀಡ್‌ನೇ.

ಮನಸ್ಸು ಮುರಿದಾಗ ಇಂಥದ್ದೆಲ್ಲ ಆಗುತ್ತದೆ. ನನ್ನ ಡೈವೋರ್ಸ್ ಆದ ವರ್ಷ ನಾನೂ ಹಳೆಯ ಮನೆಯ ವಿಳಾಸವನ್ನೇ ಬರೆಯುತ್ತಿದ್ದೆ. "ಇವತ್ತು ಬರ್ಲಿಲ್ಲ," ಎಂದೆ.

ಒಬ್ಬ ಹುಡುಗನನ್ನು ಈ ಸ್ಥಿತಿಗೆ ತಂದ ಕೋಚ್‌ನ ಬಗ್ಗೆ ನಾನು ಇನ್ನೂ ಎಷ್ಟು ದಿನ ನಿಷ್ಪಕ್ಷಪಾತಿಯಾಗಿರಬೇಕು?

ಸೆಪ್ಟೆಂಬರ್ 24, ಬುಧವಾರ

ಕೋಚ್‌ನ ಮನೆಯ ಮುಂದಿನ ಹುಲ್ಲಿನಲ್ಲಿ ಯಾರೋ "ಮನೆ ಮಾರಾಟಕ್ಕಿದೆ" ಎಂಬ ಹಲಗೆಗಳನ್ನು ನೆಟ್ಟಿದ್ದಾರೆ. ಹನ್ನೊಂದು ಇದ್ದವಂತೆ. ಅವರ ಹೆಂಡತಿ ಅವನ್ನೆಲ್ಲ ಕಿತ್ತು ಟೊಮೆಟೊ ಗಿಡಗಳಿಗೆ ಆಸರೆ ಕೊಟ್ಟಿದ್ದಾಳೆ ಎಂದು ಡ್ಯೂವಿ ಹೇಳಿದ. ಕೋಚ್ ಊರು ಬಿಡಲಿ ಎಂದು ಹಲಗೆ ನೆಡುವುದು ಸೋತ ವರ್ಷದ ಹಳೆಯ ತಮಾಷೆ. ಆದರೆ ಸೆಪ್ಟೆಂಬರಿನಲ್ಲೇ ನೆಟ್ಟದ್ದನ್ನು ನಾನು ಕಂಡಿಲ್ಲ.

ಹೋಟೆಲಿನಲ್ಲಿ ಕಾರ್ಯಕ್ರಮಕ್ಕೆ ಮೊದಲೇ ಜಗಳ. ಡ್ಯೂವಿ ಮೀನು ಬಡಿಸುತ್ತಲೇ, "ಆಮೋಸ್ ಕೈಯಲ್ಲಿ ಬಲ ಇದೆ ಕಣ್ರಯ್ಯ, ಒಂದು ವರ್ಷ ಕೊಡಿ," ಎಂದ. "ಒಂದು ವರ್ಷ ನಿನ್ನ ಮೀನಿಗೂ ಕೊಡೋಣ, ಆಗ್ಲಾದ್ರೂ ಬೇಯತ್ತೇನೋ," ಎಂದರು ಯಾರೋ.

ಮಿಸೆಸ್ ಓಡಮ್ ಮತ್ತೆ ಕರೆ ಮಾಡಿದಳು. ಅದೇ ಪ್ರಶ್ನೆ. ಚೀಟಿ ಬರೆದೆ, ಕೆಳಗಿಟ್ಟೆ.

ಮುಗಿದ ಮೇಲೆ ಕೋಚ್ ಟೋಪಿ ಕೈಯಲ್ಲಿ ಹಿಡಿದು ನನ್ನ ಮೇಜಿನ ಬಳಿಗೆ ಬಂದರು. ಹಾಗೆ ಅವರು ಬಂದದ್ದೇ ಇಲ್ಲ.

"ವಿನ್ನಿ ಅವರೇ, ರೀಡ್ ನಿಮ್ಮ ತಂಗಿ ಮಗ ಅಲ್ವಾ. ಮನೇಲಿ ಹೇಗಿದಾನೆ? ಊಟ, ನಿದ್ದೆ?"

"ಚೆನ್ನಾಗಿದಾನೆ. ಬೇಜಾರಲ್ಲಿದಾನೆ, ಯಾಕೆ ಅಂತ ನಿಮಗೇ ಗೊತ್ತು."

ಅವರು ದನಿ ತಗ್ಗಿಸಿದರು. "ಪರೀಕ್ಷೆ ಮಾಡಿಸಿದ್ವಿ. ಆಗಸ್ಟ್‌ನಲ್ಲಿ ಎಷ್ಟು ಬಂದಿತ್ತೋ ಈಗಲೂ ಅಷ್ಟೇ. ಡಾಕ್ಟರು ಆಡಬಹುದು ಅಂತಾರೆ. ಆದ್ರೆ ನಾನು ಮೂವತ್ತು ವರ್ಷದಿಂದ ಹುಡುಗರ ಕಣ್ಣು ನೋಡಿದೀನಿ. ಅವನ ಕಣ್ಣು ಸರಿ ಇಲ್ಲ. ನನ್ನ ಹತ್ರ ಇರೋದು ಅದೊಂದೇ. ಅದೊಂದನ್ನೇ ಇಟ್ಕೊಂಡು ಈ ಊರನ್ನ ಎಷ್ಟು ದಿನ ತಡೀಲಿ? ನಿಮಗೇನಾದ್ರೂ ಗೊತ್ತಿದ್ರೆ ಹೇಳಿ."

ಆಗಸ್ಟಿನ ಊಟದ ಮಾತು ನೆನಪಾಯಿತು. ಆದರೆ ಎಲ್ಲ ಹುಡುಗರೂ ಮಾಡುವುದೇ ಅಂದಮೇಲೆ ಅದರಲ್ಲಿ ಹೇಳುವಂಥದ್ದೇನಿದೆ? ಹೇಳಿದರೆ ರೀಡ್‌ನ ಹೆಸರು ಕೆಡುತ್ತದೆ, ಈ ವರ್ಷ ಪೂರ್ತಿ ಆಚೆ ಕೂರಿಸುತ್ತಾರೆ. ನಂಬಿ ಹೇಳಿದ ಹುಡುಗನ ಮಾತನ್ನು ಅವನ ಎದುರಾಳಿಯ ಕೈಗೆ ಕೊಡಲು ನಾನು ಯಾರು?

"ನಂಗೇನು ಗೊತ್ತಿರತ್ತೆ," ಎಂದೆ.

ಅಕ್ಟೋಬರ್ 1, ಬುಧವಾರ

ಮತ್ತೆ ಸೋಲು. ಕರೆ ಮಾಡುವವರು ಸಿಟ್ಟಿನಲ್ಲಿ ಉದ್ದುದ್ದ ಮಾತಾಡಿ ಕೋಚ್‌ಗೆ ಜಾರಿಕೊಳ್ಳಲು ಅವಕಾಶ ಕೊಡುತ್ತಾರೆ. ಇವತ್ತು ಹಾಯ್ಟ್‌ಗೆ, "ಕತ್ತೆ ಮೇಕೆ ಎಲ್ಲ ಬೇಡಿ. ಡಾಕ್ಟರು ಆಡಬಹುದು ಅಂದಿದಾರಾ ಇಲ್ವಾ, ಅಷ್ಟು ಕೇಳಿ. ಹೌದು ಅಥವಾ ಇಲ್ಲ," ಎಂದೆ.

"ಅಮ್ಮಾ ಜಡ್ಜಮ್ಮ, ನೀವೂ ನಮ್ಮ ಕಡೆಗೆ ಬಂದ್ರಾ," ಎಂದ ಮುದುಕ.

"ನಾನು ಯಾರ ಕಡೆಯೂ ಇಲ್ಲ. ಪ್ರಶ್ನೆ ಸ್ಪಷ್ಟವಾಗಿರಲಿ ಅಂತ."

ಅವನು ಹಾಗೆಯೇ ಕೇಳಿದ. ಕೋಚ್ ತುಂಬ ಹೊತ್ತು ಸುಮ್ಮನಿದ್ದರು. ರೇಡಿಯೋದಲ್ಲಿ ಅಷ್ಟು ಹೊತ್ತಿನ ಮೌನ ಕೇಳುವವರಿಗೆ ಬೇರೆಯದೇ ಉತ್ತರ ಕೊಡುತ್ತದೆ. ಒಳ್ಳೆಯ ಪ್ರಶ್ನೆ ಎಂದು ಗಸ್ ನನ್ನ ಕಡೆ ಹೆಬ್ಬೆರಳು ಎತ್ತಿದ.

ಅಕ್ಟೋಬರ್ 5, ಭಾನುವಾರ

ನಿನ್ನೆ ಆಮೋಸ್ ಮೂರು ಸಲ ಚೆಂಡನ್ನು ನೇರವಾಗಿ ಎದುರಾಳಿಗಳ ಕೈಗೇ ಎಸೆದ. ಮೂರನೆಯದಕ್ಕೆ ನಮ್ಮವರೇ ಚಪ್ಪಾಳೆ ತಟ್ಟಿದರು.

ಇವತ್ತು ಅಂಗಡಿಯಲ್ಲಿ ಅವನನ್ನು ಕಂಡೆ. ಬುಟ್ಟಿಯಲ್ಲಿ ಹಾಲು, ಬ್ರೆಡ್ಡು, ತಾಯಿಗೆ ಕಳಿಸಲೆಂದೋ ಏನೋ ಒಂದು ಹುಟ್ಟುಹಬ್ಬದ ಕಾರ್ಡು. ಹಣ ತೆಗೆದುಕೊಳ್ಳುವ ಹುಡುಗಿ ಎಲ್ಲರಿಗೂ ಹೇಳುವ ನಮಸ್ಕಾರವನ್ನು ಅವನಿಗೆ ಹೇಳಲಿಲ್ಲ. ನಾನು ಅವನ ಹಿಂದೆಯೇ ನಿಂತಿದ್ದೆ. ಏನಾದರೂ ಮಾತಾಡಬೇಕೆಂದುಕೊಂಡೆ. ಪಕ್ಕದ ಸಾಲು ಚಿಕ್ಕದಿತ್ತು, ಅಲ್ಲಿಗೆ ಹೋದೆ.

ಅಕ್ಟೋಬರ್ 8, ಬುಧವಾರ

ಮೂರೂ ಲೈನಿನಲ್ಲಿ ಒಂದೇ ಪ್ರಶ್ನೆ, ಹೋದ ವಾರ ಹಾಯ್ಟ್ ಕೇಳಿದ್ದೇ. ಚೀಟಿಗಳನ್ನು ಮೊದಲೇ ಬರೆದಿಟ್ಟು ಹೆಸರನ್ನಷ್ಟೇ ಸೇರಿಸುತ್ತಾ ಹೋದೆ. ಆಮೋಸ್‌ನ ಪರವಾಗಿ ಮಾತಾಡಬೇಕೆಂದ ಇಬ್ಬರಿಗೆ ಕಾಯಲು ಹೇಳಿದೆ. ಕಾದು ಕಾದು ಅವರೇ ಫೋನ್ ಇಟ್ಟರು.

ಆರೂ ಮುಕ್ಕಾಲಿಗೆ ಮಿಸೆಸ್ ಓಡಮ್. "ಅಮ್ಮಾ, ಇದು ಮೂರನೇ ಸಲ. ನನ್ನ ಪ್ರಶ್ನೆ ಅವರಿಗೆ ತಲುಪತ್ತೋ ಇಲ್ವೋ?"

"ಲೈನೆಲ್ಲಾ ತುಂಬಿದೆ ಮೇಡಂ," ಎಂದೆ. ಒಂದು ಲೈನಿನ ದೀಪ ಆರಿಯೇ ಇತ್ತು. ಆದರೆ ಇನ್ನೊಂದು ನಿಮಿಷದಲ್ಲಿ ಅದು ತುಂಬುವುದರಲ್ಲಿತ್ತು, ಅದೂ ನಿಜ.

ಆರು ಐವತ್ತಕ್ಕೆ ಕೋಚ್ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಶನಿವಾರ ರೀಡ್ ಆಡ್ತಾನೆ," ಎಂದರು. ಅಷ್ಟೇ. ಇಡೀ ಹೋಟೆಲು ಎದ್ದು ನಿಂತಿತು. ಡ್ಯೂವಿ ಎಲ್ಲರಿಗೂ ಬಾಳೆಹಣ್ಣಿನ ಪುಡ್ಡಿಂಗ್ ಎಂದು ಕೂಗಿದ. ಗಸ್ ಬಂದು ನನ್ನ ಹಣೆಗೆ ಮುತ್ತಿಟ್ಟ.

ಕೋಚ್ ಜನರನ್ನು ನೋಡುತ್ತಿರಲಿಲ್ಲ. ನನ್ನ ಮೇಜಿನ ಕಡೆಗೆ ನೋಡುತ್ತಿದ್ದರು. ಸೋತವರ ನೋಟ ಹಾಗೆಯೇ ಇರುತ್ತದೇನೋ.

ಅಕ್ಟೋಬರ್ 10, ಶುಕ್ರವಾರ

ಸಂಜೆ ರೀಡ್ ನನ್ನ ಮನೆಗೆ ಬಂದ. ತುಂಬ ದಿನಗಳ ನಂತರ ಅವನ ಮುಖದಲ್ಲಿ ನಗು. ಕ್ವಾರ್ಟರ್‌ಬ್ಯಾಕ್‌ಗಳು ಎಡಗೈಗೆ ಪಟ್ಟಿಯೊಂದನ್ನು ಕಟ್ಟಿಕೊಳ್ಳುತ್ತಾರೆ. ಅದರ ಪ್ಲಾಸ್ಟಿಕ್ಕಿನ ಕಿಟಕಿಯೊಳಗೆ ಒಂದು ಚೀಟಿ. ಚೀಟಿಯಲ್ಲಿ ತಂತ್ರಗಳ ಹೆಸರು, ಪ್ರತಿಯೊಂದಕ್ಕೂ ಒಂದು ನಂಬರು. ಕೋಚ್ ನಂಬರು ಕೂಗುತ್ತಾರೆ, ಇವನು ನೋಡಿ ಹುಡುಗರಿಗೆ ಹೇಳುತ್ತಾನೆ.

"ನನ್ನ ಅಕ್ಷರ ನಂಗೇ ಕುಣಿಯತ್ತೆ ದೊಡ್ಡಮ್ಮ. ನೀನು ಬರೆದುಕೊಡು, ದಪ್ಪಕ್ಕೆ."

ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬರೆದೆ. ಆಮೇಲೆ ಪಾಠ ಒಪ್ಪಿಸಿದ. ಮೊದಲನೆಯ ಸಲ ಹತ್ತರಲ್ಲಿ ಮೂರು ಸರಿ. ಗಾಬರಿಯಿರಬೇಕು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಾಗ ದೊಡ್ಡ ದೀಪ ಆರಿಸಿ ಒಲೆಯ ಮೇಲಿನ ಚಿಕ್ಕ ದೀಪ ಉಳಿಸಿದೆ. ಹೇಳಿಸಿದೆ, ಮತ್ತೆ ಹೇಳಿಸಿದೆ. ಚಿಕ್ಕವನಿದ್ದಾಗ ಮಗ್ಗಿ ಕಲಿಸಿದ ಹಾಗೆಯೇ. ಕೊನೆಗೆ ಎಂಟು ಸರಿಯಾಯಿತು. ನೋಡಿಕೊಂಡೇ ಹೇಳುವುದಲ್ಲವೇ, ಎಂಟು ಸಾಕು.

ಏಳುವಾಗ, "ಕೆಳಗೆ ಇನ್ನೊಂದು ಸಾಲು ಬರಿ," ಎಂದ.

"ಏನಂತ?"

"ನಮ್ಮ ಬೆಂಚು ನೀರಿನ ಟ್ಯಾಂಕಿನ ಕಡೆ ಅಂತ. ಬಾಣ ಬೇಡ, ಬಾಣ ಹಾಕಿದ್ರೆ ನಾನು ತಿರುಗಿದಾಗ ಅದೂ ತಿರುಗತ್ತೆ."

ಊರ ನೀರಿನ ಟ್ಯಾಂಕು ಮೈದಾನದ ಯಾವ ಮೂಲೆಯಿಂದ ನೋಡಿದರೂ ಕಾಣುತ್ತದೆ. ಈ ಸಲ ಹುಡುಗಿಯರ ಕಡೆ ಹೋಗಬಾರದು ಅಂತಲೋ ಎಂದೆ. ಅವನು ನಕ್ಕ. ನಾನೂ ನಕ್ಕೆ. ಬರೆದುಕೊಟ್ಟೆ.

ಅಕ್ಟೋಬರ್ 11, ಶನಿವಾರ, ಬೆಳಿಗ್ಗೆ

ಮೋಡವೇ ಇಲ್ಲ. ಬೀದಿಯ ತುಂಬ ಅವನ ನಂಬರಿನ ಬಾವುಟಗಳು. ಡಾರ್ಲಾ ಆಗಲೇ ಎರಡು ಸಲ ಹಾರ್ನ್ ಮಾಡಿದಳು. ಹೊರಟೆ.

ಅಕ್ಟೋಬರ್ 13, ಸೋಮವಾರ

ಬರ್ಮಿಂಗ್‌ಹ್ಯಾಮ್. ಆಸ್ಪತ್ರೆಯ ನಾಲ್ಕನೆಯ ಮಹಡಿ. ತಲೆಬುರುಡೆಯ ಒಂದು ಭಾಗ ತೆಗೆದಿದ್ದಾರೆ. ಇನ್ನೂ ಎಚ್ಚರವಾಗಿಲ್ಲ.

ಅದೊಂದು ದೊಡ್ಡ ಏಟೇ ಅಲ್ಲ. ಇದನ್ನು ಬರೆದಿಡಬೇಕು. ಮೂರನೆಯ ಕಾಲುಭಾಗದಲ್ಲಿ ಒಬ್ಬ ಹುಡುಗನ ಭುಜ ತಗುಲಿತು, ಅಷ್ಟೇ. ರೀಡ್ ಬೀಳಲೂ ಇಲ್ಲ. ಅಲ್ಲಿಯವರೆಗೆ ಆಟದುದ್ದಕ್ಕೂ ಒಮ್ಮೆಯೂ ತಪ್ಪು ಕಡೆ ಹೋಗಿರಲಿಲ್ಲ. ಆಗಲೂ ಕೈಪಟ್ಟಿ ನೋಡಿಕೊಂಡ, ತಲೆ ಎತ್ತಿ ಟ್ಯಾಂಕು ನೋಡಿದ, ನೇರವಾಗಿ ನಮ್ಮ ಬೆಂಚಿಗೆ ನಡೆದು ಬಂದು ಕುಳಿತ. ಆಮೇಲೆ ಮುಂದಕ್ಕೆ ಬಿದ್ದ.

ಡಾಕ್ಟರು ಕಡತ ತಿರುವುತ್ತಾ ಡಾರ್ಲಾಳನ್ನು ಕೇಳಿದರು: "ಹಳೇ ಏಟೊಂದು ಒಳಗೇ ಇದ್ದ ಹಾಗಿದೆ. ಸೆಪ್ಟೆಂಬರ್ ಪರೀಕ್ಷೆಯಲ್ಲಿ ಗೊತ್ತಾಗಬೇಕಿತ್ತು. ಆದ್ರೆ ಆಗಸ್ಟ್‌ನಲ್ಲೇ ಅಂಕ ಇಷ್ಟು ಕಡಿಮೆ ಇದೆಯಲ್ಲ, ಯಾಕೆ? ಆಗ ಹುಷಾರಿರಲಿಲ್ವಾ?"

"ಚೆನ್ನಾಗೇ ಇದ್ದ," ಎಂದಳು ಡಾರ್ಲಾ. "ಓದಿನಲ್ಲಿ ಯಾವಾಗಲೂ ಮುಂದೆ. ಯಾಕಕ್ಕ, ಆಗಸ್ಟ್‌ನಲ್ಲಿ ಏನಾಗಿತ್ತು?"

"ಬಿಸಿಲು ತುಂಬಾ ಇತ್ತು," ಎಂದೆ.

ಡಾಕ್ಟರು ಅದನ್ನು ಬರೆದುಕೊಂಡರು.

ಅಕ್ಟೋಬರ್ 15, ಬುಧವಾರ

ಕಾರ್ಯಕ್ರಮ ನಿಲ್ಲಿಸಲಿಲ್ಲ. ಬೇರೆ ಯಾರನ್ನಾದರೂ ಕೂರಿಸುತ್ತೇನೆ ಎಂದ ಗಸ್. ಫೋನ್ ಎತ್ತಲು ಗೊತ್ತಿರುವವಳು ನಾನೊಬ್ಬಳೇ, ಬರ್ಮಿಂಗ್‌ಹ್ಯಾಮಿನಿಂದ ಕಾರಿನಲ್ಲಿ ಬಂದೆ. ಕೋಚ್‌ನ ಕುರ್ಚಿ ಖಾಲಿ. ಅವರ ಜಾಗದಲ್ಲಿ ಸಹಾಯಕ. ಅವರ ಮನೆಯ ಮುಂದೆ ಈಗ ಎಷ್ಟು ಹಲಗೆಗಳಿವೆಯೋ ಯಾರೂ ಎಣಿಸಿಲ್ಲ.

ಹಾಯ್ಟ್‌ನ ದನಿ ಎಂದಿನಂತೆಯೇ ಮೃದು. "ಬರ್ಕೊಳ್ಳಿ ಅಮ್ಮಾ. ಆ ಹುಡುಗನ ಸ್ಥಿತಿ ಗೊತ್ತಿದ್ದೂ ಕೋಚ್ ಅವನನ್ನ ಆಡಿಸಿದ್ರಾ? ಹೌದು ಇಲ್ಲ ಅಂತ ಹೇಳ್ಲಿ."

ಎಲ್ಲರೂ ಅದನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಬಂದ ಸಾಲಿನಲ್ಲೇ ಇಟ್ಟೆ.

ಕೊನೆಗೆ ಮಿಸೆಸ್ ಓಡಮ್. ಗುಲಾಬಿ ಚೀಟಿ ಎಳೆದುಕೊಂಡೆ.

"ಕೋಚ್‌ಗೆ ಏನೂ ಕೇಳೋದಿಲ್ಲಮ್ಮ. ಹುಡುಗ ಹೇಗಿದಾನೆ?"

"ಹಾಗೇ ಇದಾನೆ."

"ನನ್ನವನು ಹನ್ನೆರಡು ದಿನ ಇದ್ದ," ಎಂದಳು. "ನಾನು ಹೇಳಿದ್ದನ್ನ ಬರ್ಕೊಂಡ್ರಲ್ಲ, ಆ ಚೀಟಿ ಏನ್ಮಾಡಿದ್ರಿ?"

"ಸಾಲಿನಲ್ಲಿತ್ತು ಮೇಡಂ. ಸಮಯ ಆಗೋಯ್ತು."

ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಯಾಕೆ ಥ್ಯಾಂಕ್ಸ್ ಹೇಳಿದಳೋ.

ಅಕ್ಟೋಬರ್ 16, ಗುರುವಾರ

ಐದನೆಯ ದಿನ. ಡಾರ್ಲಾಳ ಗಂಡ ದೋಣಿಯಿಂದ ಬಂದಿದ್ದಾನೆ. ಕಾಫಿ ಯಂತ್ರದ ಮುಂದೆ ನಿಂತವನು ಅಲ್ಲಿಂದ ಕದಲುವುದಿಲ್ಲ. ಆಮೋಸ್ ಟೇಟ್ ಬಂದು ಬಾಗಿಲ ಹೊರಗೆ ಎರಡು ಗಂಟೆ ಕುಳಿತು ಹೋದನಂತೆ. ಯಾರೂ ಅವನನ್ನು ಒಳಗೆ ಕರೆಯಲಿಲ್ಲ.

ಮಧ್ಯಾಹ್ನ ನರ್ಸು ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಕತ್ತರಿಸಿ ತೆಗೆದ ಅಂಗಿ, ಒಂದು ಕಾಲುಚೀಲ, ಕೈಪಟ್ಟಿ. ಡಾರ್ಲಾ ಅಂಗಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಕೈಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಆಡಿಸುತ್ತಾ ಒಂದೊಂದೇ ಸಾಲು ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು.

"ಇದು ನಿನ್ನ ಅಕ್ಷರ ಅಲ್ವಾ ಅಕ್ಕ?"

"ಹೂಂ. ಬರೆದುಕೊಡು ಅಂದ."

"ಅವನು ಈ ಮೈದಾನದಲ್ಲಿ ಆರು ವರ್ಷದವನಿದ್ದಾಗಿಂದ ಓಡಾಡಿದಾನೆ. ನಮ್ಮ ಬೆಂಚು ಯಾವ ಕಡೆ ಅಂತ ಅವನಿಗೆ ಯಾಕೆ ಬರೆದುಕೊಟ್ಟೆ?"

ಯಂತ್ರವೊಂದು ಅವನಿಗಾಗಿ ಉಸಿರಾಡುತ್ತಿತ್ತು. ಡಾರ್ಲಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ತಮಾಷೆಗೆ," ಎಂದೆ.

ಅದು ಸುಳ್ಳಲ್ಲ. ಬರೆಯುವಾಗ ನಾವಿಬ್ಬರೂ ನಕ್ಕಿದ್ದೆವು.